ಹೊಸ ಟಾಯರು ಮುಂದೆ

ಬಸವಕಲ್ಯಾಣ
೮ ಆಗಸ್ಟ್ ೧೯೯೯

ಮಗಳು ಪೂನಂಗೆ ಅಪ್ಪನ ಆಶೀರ್ವಾದ. ನಾವು ಆರಾಮ ಇದ್ದೇವೆ. ನೀನು ಹೇಗಿದ್ದೀ ಎಂಬುದನ್ನು ನಿನ್ನ ಅವ್ವನಿಂದ ಕೇಳಿ ತಿಳಿಯುವ ಹಣೆಬರಹ ನನ್ನದು.

ಆ ಕಾರು ತಂದ ದಿನದಿಂದ ನೀನು ನನ್ನೊಂದಿಗೆ ನೆಟ್ಟಗೆ ಮಾತಾಡಿಲ್ಲ. ಫೋನು ನಾನು ಎತ್ತಿದರೆ ‘ಅವ್ವಗ ಕೊಡ್ರಿ’ ಅನ್ನುತ್ತೀ. ಮೊನ್ನೆ ಅವಳು ಫೋನು ಇಟ್ಟು ಬಂದು, ‘ಕೇಳಿದ್ರೇನ್ರಿ, ನಿಮ್ಮ ಮಗಳು ಕಾರಿಗೆ ಎಂಥಾ ಟಾಯರ್ ಹಾಕಸ್ಬೇಕಂತ ನಿಮಗ ಕೇಳಾಕತ್ತಾಳ’ ಅಂದಳು. ‘ಏನಂದಿ? ಇನ್ನೊಮ್ಮಿ ಹೇಳು’ ಎಂದು ಹೇಳಿಸಿಕೊಂಡೆ. ಫೋನಿನಲ್ಲಿ ನಮ್ಮಿಬ್ಬರಿಗೆ ಜಗಳ ಹತ್ತುತ್ತದೆ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಮೊದಲು ನನ್ನ ಸಿಟ್ಟು ಮುಗಿಸಿಬಿಡುತ್ತೇನೆ. ನಿನ್ನ ಮದುವೆಗೆಂದು ನಾವು ಮಾಡಿಸಿಟ್ಟ ಬಂಗಾರ ಮಾರಿ ನೀನು ಎರಡೇ ಸೀಟಿನ, ಮೇಲೆ ಬಟ್ಟೆಯ ಟಪ್ಪು ಇರುವ ಕೆಂಪು ಕಾರು ತಂದೆ. ಅದರೊಳಗೆ ಒಂದು ಚೀಲ ಜೋಳ ಹಿಡಿಯುವುದಿಲ್ಲ. ಮಹಾರುದ್ರಪ್ಪನ ಲಾರಿಗಳು ದೇಶ ತಿರುಗುತ್ತವೆ, ಮಗಳು ಆಟಿಕೆ ಕಾರು ಓಡಿಸುತ್ತಾಳೆ ಎಂದು ಆಟೋನಗರದ ಲಾರಿ ಮಂದಿ ನಕ್ಕರು. ಆಯಿತು, ನಕ್ಕರು, ಮುಗಿಯಿತು.

ಈಗ ಟಾಯರಿನ ಮಾತು. ಅದೇ ಕಾರನ್ನು ದಿನವೂ ಹೈದರಾಬಾದಿನ ರಸ್ತೆಯಲ್ಲಿ ಓಡಿಸಬೇಕು, ಅದರಲ್ಲೇ ಸೋಲಾಪುರದ ಆಚೆ ರೇಸಿಗೂ ಇಳಿಯಬೇಕು ಅನ್ನುತ್ತೀ. ಮದುವೆ ಮನೆಗೂ ಹೊಲಕ್ಕೂ ಒಂದೇ ಚಪ್ಪಲಿ ಕೇಳಿದ ಹಾಗಾಯಿತು. ಮೆತ್ತಗಿನ ರಬ್ಬರು ನೆಲ ಹಿಡಿಯುತ್ತದೆ, ಆದರೆ ಹೋಗಿ ಬರುವುದರೊಳಗೆ ಸವೆದು ಕೂತುಬಿಡುತ್ತದೆ. ಗಟ್ಟಿ ರಬ್ಬರು ಬಾಳುತ್ತದೆ, ತಿರುವಿನಲ್ಲಿ ಕೈ ಕೊಡುತ್ತದೆ. ನಡುವಿನದು ತಗೋ. ನಾಲ್ಕೂ ಹೊಸವು ಆಗದಿದ್ದರೆ ಎರಡಾದರೂ ಹೊಸವು ಹಾಕಿಸು, ಆ ಎರಡನ್ನು ಮುಂದೆಯೇ ಹಾಕಿಸು. ಹಳೆಯವು ಹಿಂದಕ್ಕೆ. ಆಟೋನಗರದಲ್ಲಿ ಯಾವ ಲಾರಿಗೆ ಬೇಕಾದರೂ ಬಗ್ಗಿ ನೋಡು, ಇದೇ ಕಾಯಿದೆ.

ನಮ್ಮ ಹುಮನಾಬಾದಿನ ಟಾಯರು ಅಂಗಡಿಯ ಜಲಾಲುದ್ದೀನನ ಅಣ್ಣ ಅಲ್ಲಾಬಕ್ಷ ನನ್ನ ಮೊದಲ ಲಾರಿಯ ಡ್ರೈವರ್. ನೀನಾಗ ತೊಟ್ಟಿಲಲ್ಲಿದ್ದೆ. ಉಮರ್ಗಾ ದಾಟಿದ ಮೇಲೆ ಮುಂದಿನ, ಸವೆದದ್ದಕ್ಕೆ ಮೇಲೆ ರಬ್ಬರು ಕೂಡಿಸಿದ ರಿಮೋಲ್ಡ್ ಟಾಯರು ಸಿಡಿದು ಸ್ಟೇರಿಂಗ್ ಕೈಗೆ ಸಿಗದೆ ಲಾರಿ ಹಳ್ಳಕ್ಕೆ ಬಿತ್ತು. ತಗಡು ಕತ್ತರಿಸಿ ಅವನ ಹೆಣ ತೆಗೆದೆವು. ಆ ಟಾಯರು ಹಾಕಿಸಿದವನು ನಾನು, ಹಾಕಿದವನು ಜಲಾಲುದ್ದೀನ. ಅಂದಿನಿಂದ ನಾವಿಬ್ಬರೂ ಮುಂದಿನ ಗಾಲಿಗೆ ಹಳೆಯ ರಬ್ಬರು ತೋರಿಸಿಲ್ಲ. ಜಲಾಲುದ್ದೀನನ ಮಗಳು ಮಹಜಬೀನ್ ನಿನ್ನ ಜೊತೆಗೇ ಇದ್ದಾಳಲ್ಲ, ಕೇಳು, ಅವಳೂ ಇದನ್ನೇ ಹೇಳುತ್ತಾಳೆ.

ಇಂತಿ ನಿನ್ನ ಅಪ್ಪ,
ಮಹಾರುದ್ರಪ್ಪ


ಹೈದರಾಬಾದ್
೧೯ ಆಗಸ್ಟ್ ೧೯೯೯

ಅಪ್ಪನವರಿಗೆ ಪೂನಂಳ ಶರಣು.

ಕಾಗದ ಎರಡು ಸಲ ಓದಿದೆ. ಸಿಟ್ಟಿನ ಭಾಗವನ್ನು ಮೂರನೆಯ ಸಲವೂ ಓದಿ ನಕ್ಕೆ. ಚಿಕ್ಕವಳಿದ್ದಾಗ ಲಾರಿಯ ಸೀಟು ಹತ್ತಿದರೆ ರಟ್ಟೆ ಹಿಡಿದು ಇಳಿಸುತ್ತಿದ್ದಿರಿ. ಈಗ ನೀವಾಗಿಯೇ ನನಗೆ ಟಾಯರಿನ ಮಾತು ಬರೆದಿರಿ. ನನಗೆ ಎಷ್ಟು ಹಿಗ್ಗಾಯಿತೆಂದು ಹೇಳಿದರೆ ನೀವು ನಂಬುವುದಿಲ್ಲ.

ನೀವು ಹೇಳಿದಂತೆ ನಡುವಿನದನ್ನೇ ತೆಗೆದುಕೊಂಡೆ. ರೇಸಿನವರ ಟಾಯರು ನುಣ್ಣಗೆ, ಗೆರೆಯೇ ಇರುವುದಿಲ್ಲ, ಮಳೆ ಬಂದರೆ ಎಣ್ಣೆ ಸುರಿದ ನೆಲದ ಮೇಲೆ ನಡೆದ ಹಾಗೆ. ನಮ್ಮ ರೇಸು ಕ್ಲಬ್ಬಿನ ಬೇರೆಯವರು ಕಾರನ್ನು ಲಾರಿಯ ಮೇಲೆ ಹಾಕಿ ತರುತ್ತಾರೆ, ಅಲ್ಲಿ ಟಾಯರು ಬದಲಿಸುತ್ತಾರೆ. ನಾನು ಅದೇ ಟಾಯರಿನ ಮೇಲೆ ಹೋಗಿ, ಆಡಿ, ಅದೇ ಟಾಯರಿನ ಮೇಲೆ ಮನೆಗೆ ಬರಬೇಕು. ಗೆರೆ ಆಳವಾಗಿರುವ, ಸ್ವಲ್ಪ ಮೆತ್ತಗಿನ ಜೋಡಿ ಮುಂಬೈಯಿಂದ ತರಿಸಿದ್ದೇನೆ. ಸದ್ಯಕ್ಕೆ ಎರಡೇ ಹೊಸವು. ಮತ್ತೆರಡು ಅದೇ ಜಾತಿಯವು, ಅರ್ಧ ಸವೆದಿವೆ.

ಆದರೆ ಅಪ್ಪಾ, ಹೊಸವನ್ನು ಹಿಂದೆ ಹಾಕಿಸಿದ್ದೇನೆ. ಬೈಯುವ ಮೊದಲು ಪೂರ್ತಿ ಓದಿರಿ. ಲಾರಿಯ ಹಿಂದೆ ಟನ್ನುಗಟ್ಟಲೆ ಮಾಲು ಕೂತಿರುತ್ತದೆ, ಹಿಂದಿನ ಗಾಲಿ ಎಲ್ಲಿಗೂ ಹೋಗುವುದಿಲ್ಲ. ನನ್ನ ಕಾರಿನ ಬೆನ್ನಿನ ಮೇಲೆ ಭಾರವೇ ಇಲ್ಲ, ತಳ್ಳುವುದು ಮಾತ್ರ ಹಿಂದಿನ ಗಾಲಿ. ನೀರಿನಲ್ಲಿ ಮುಂದಿನದು ಜಾರಿದರೆ ಕಾಲು ಸಡಿಲ ಮಾಡಿದರೆ ಸಾಕು, ಮತ್ತೆ ನೆಲ ಹಿಡಿಯುತ್ತದೆ. ಹಿಂದಿನದು ಜಾರಿದರೆ ಕಾರು ಬುಗುರಿ. ಎಂಥ ಡ್ರೈವರ್ ಇದ್ದರೂ ಏನೂ ಮಾಡಲಾಗುವುದಿಲ್ಲ. ಈ ಮಾತು ನಾನು ಒದ್ದೆ ಮೈದಾನದಲ್ಲಿ ಹೊಸವನ್ನು ಒಮ್ಮೆ ಮುಂದೆ, ಒಮ್ಮೆ ಹಿಂದೆ ಹಾಕಿ ಓಡಿಸಿ ಕಲಿತದ್ದು.

ಮಹಜಬೀನಳೂ ನಿಮ್ಮ ಪಾರ್ಟಿಯೇ. ‘ಹುಚ್ಚಿ ಇದ್ದಿಯೇನ, ಹೊಸವು ಹಿಂದ ಯಾರ ಹಾಕ್ತಾರ?’ ಎಂದು ಒಂದು ವಾರ ಜಗಳ ಮಾಡಿದಳು. ಆದರೂ ನನ್ನ ಪಕ್ಕದ ಸೀಟು ಬಿಡುವುದಿಲ್ಲ. ರೇಸಿನಲ್ಲಿ ಗಡಿಯಾರ ಹಿಡಿಯುವವಳು ಅವಳೇ. ನಮ್ಮಿಬ್ಬರ ಡ್ರೈವಿಂಗ್ ಸ್ಕೂಲು ಚೆನ್ನಾಗಿ ನಡೆದಿದೆ. ಬುರ್ಖಾದವರು, ಮಾರವಾಡಿ ಹೆಣ್ಣುಮಕ್ಕಳು, ಇಬ್ಬರು ಡಾಕ್ಟರಣಿಯರು ಕಲಿಯುತ್ತಿದ್ದಾರೆ. ಫಾಲ್ಗುಣದ ಹೊತ್ತಿಗೆ ಅವಳ ನಿಕಾಹ್, ಆಮೇಲೂ ಬರುತ್ತೇನೆ ಅನ್ನುತ್ತಾಳೆ.

ರೇಸು ಅಕ್ಟೋಬರ್ ಮೊದಲ ವಾರ, ಬಳಕೆ ಬಿಟ್ಟ ಒಂದು ವಿಮಾನ ಪಟ್ಟಿಯಲ್ಲಿ. ಬರುವಾಗ ಮನೆಗೆ ಬಂದು ಉಂಡು ಹೋಗುತ್ತೇವೆ. ಅವ್ವಗೆ ಹೇಳಿರಿ.

ನಿಮ್ಮ ಮಗಳು,
ಪೂನಂ


ಬಸವಕಲ್ಯಾಣ
೧೧ ಸೆಪ್ಟೆಂಬರ್ ೧೯೯೯

ಪೂನಂ,

ನಿನ್ನ ಕಾಗದವನ್ನು ಹುಮನಾಬಾದಿಗೆ ಒಯ್ದು ಜಲಾಲುದ್ದೀನನಿಗೆ ಓದಿ ಹೇಳಿದೆ. ಚಹಾದ ಕಪ್ಪು ಕೆಳಗಿಟ್ಟು, ‘ಯಾ ಅಲ್ಲಾ! ಇದನ್ಯಾರ ಕಲಿಸ್ಯಾರ ಈ ಹುಡುಗಿಗಿ?’ ಅಂದ. ಇಬ್ಬರೂ ಬಹಳ ಹೊತ್ತು ನಕ್ಕೆವು. ಆಮೇಲೆ ಅಲ್ಲಾಬಕ್ಷನ ನೆನಪು ಬಂದು ಚಹಾ ಅಲ್ಲೇ ಬಿಟ್ಟು ಎದ್ದೆವು.

ನೀನು ಮೈದಾನದಲ್ಲಿ ಕಲಿತದ್ದು ಮೈದಾನಕ್ಕೆ ಸರಿ. ರಸ್ತೆ ಬೇರೆ. ನಿನ್ನ ಜೊತೆ ವಾದ ಮಾಡಿ ಗೆದ್ದವರಿಲ್ಲ, ನಾನೂ ಮಾಡುವುದಿಲ್ಲ. ಊಟಕ್ಕೆ ಬರ್ರಿ. ನಿಮ್ಮವ್ವ ಹೋಳಿಗೆ ಮಾಡುತ್ತಾಳಂತೆ, ಮಹಜಬೀನಳಿಗೆ ಸೇರುತ್ತದೆಂದು.

ನಿನ್ನ ಅಪ್ಪ,
ಮಹಾರುದ್ರಪ್ಪ


ಬಸವಕಲ್ಯಾಣ
೨೩ ಅಕ್ಟೋಬರ್ ೧೯೯೯

ಪೂನಂ,

ನಿನ್ನ ಭುಜದ ಪಟ್ಟಿ ಯಾವಾಗ ಬಿಚ್ಚುತ್ತಾರೆ? ಕೈ ಎತ್ತಲು ಬರುತ್ತದೆಯೇ? ಆಸ್ಪತ್ರೆಯಿಂದ ಬಂದ ಮೇಲೆ ನೀನು ಫೋನು ಎತ್ತುತ್ತಿಲ್ಲವೆಂದು ಅವ್ವ ಅಳುತ್ತಾಳೆ. ‘ಅದರ ಹೊಟ್ಟಿಗಿ ಏನರ ಹಾಕಿದ್ರೋ ಇಲ್ಲೋ’ ಎಂದು ದಿನಾ ಒಂದೇ ಮಾತು.

ಆದದ್ದು ಆಯಿತು. ದೇವರು ಇಬ್ಬರನ್ನೂ ಜೀವಂತ ಉಳಿಸಿದ, ಅದೇ ದೊಡ್ಡದು. ಮನ್ನಾಏಖೇಳ್ಳಿಯ ಹತ್ತಿರದ ಆ ತಿರುವೇ ಕೆಟ್ಟದ್ದು, ಮೇಲೆ ಹಾಳಾದ ಮಳೆ. ನೀನು ಒಂದಿಷ್ಟು ಸಾವಕಾಶ ಬರಬೇಕಿತ್ತು. ರೇಸಿನಲ್ಲಿ ಗೆದ್ದು ಬಂದ ಹುರುಪು, ದಣಿವು, ವಯಸ್ಸು. ಠಾಣೆಯಲ್ಲಿಯೂ ನಾನು ಹಾಗೆಯೇ ಹೇಳಿದೆ, ಹುಡುಗಿ ದಣಿದಿದ್ದಳು, ಮಳೆಯಲ್ಲಿ ತಿರುವು ತಿಳಿಯಲಿಲ್ಲ ಎಂದು. ಎದುರಿನ ಗಾಡಿ ಇಲ್ಲ, ಜೀವ ಹೋಗಿಲ್ಲ, ಅವರೂ ಹೆಚ್ಚು ಕೆದಕಲಿಲ್ಲ.

ಮಹಜಬೀನಳ ಕಾಲು ಮೊಣಕಾಲಿನ ಕೆಳಗೆ ತೆಗೆದದ್ದು ನಿನಗೆ ಗೊತ್ತೇ ಇದೆ. ಗುಲ್ಬರ್ಗಾದ ವರನ ಕಡೆಯವರು ನಿಕಾಹ್ ಬೇಡವೆಂದು ಹೇಳಿಕಳಿಸಿದರು. ಜಲಾಲುದ್ದೀನ ಅಂಗಡಿ ತೆರೆದಿಲ್ಲ. ಮಂದಿ ಏನೇನೋ ಅನ್ನುತ್ತಾರೆ, ಹೆಣ್ಣಿನ ಕೈಯಲ್ಲಿ ಗಾಡಿ ಕೊಟ್ಟರೆ ಹೀಗೇ ಎಂದು. ನೀನು ಕಿವಿಗೆ ಹಾಕಿಕೊಳ್ಳಬೇಡ. ಮನೆಗೆ ಬಂದುಬಿಡು.

ನಿನ್ನ ಅಪ್ಪ


ಹೈದರಾಬಾದ್
೯ ನವೆಂಬರ್ ೧೯೯೯

ಅಪ್ಪಾ,

ಭುಜದ ಪಟ್ಟಿ ಬಿಚ್ಚಿದರು. ಬಿಚ್ಚಿದ ಮರುದಿನ ಬಸ್ಸು ಹತ್ತಿ ಕಾರು ನೋಡಲು ಹೋಗಿದ್ದೆ. ಠಾಣೆಯ ಹಿಂದೆ ಬೇವಿನ ಗಿಡದ ಕೆಳಗೆ ಇಟ್ಟಿದ್ದಾರೆ. ಮಹಜಬೀನಳ ಕಡೆಯ ಬಾಗಿಲು ಒಳಗೆ ಮಡಿಚಿಕೊಂಡಿದೆ, ಅಲ್ಲಿ ಅವಳ ಒಂದು ಚಪ್ಪಲಿ ಇನ್ನೂ ಇತ್ತು.

ಆಮೇಲೆ ಟಾಯರು ನೋಡಿದೆ. ಹೊಸವು ಮುಂದೆ ಇದ್ದವು.

ಅವು ತಾವಾಗಿ ಮುಂದಕ್ಕೆ ನಡೆದುಹೋಗಲಿಲ್ಲ. ರೇಸು ಮುಗಿಸಿ ಹೊರಟಾಗ ಹಿಂದೆಯೇ ಇದ್ದವು, ನಾನೇ ಹವಾ ನೋಡಿದ್ದೆ. ದಾರಿಯಲ್ಲಿ ನಿಂತದ್ದು ನಿಮ್ಮ ಮನೆಯಲ್ಲಿ ಊಟಕ್ಕೆ, ಹುಮನಾಬಾದಿನಲ್ಲಿ ಜಲಾಲ ಚಾಚಾನ ಅಂಗಡಿಯ ಮುಂದೆ ನಿಂತೇ ಕುಡಿದ ಚಹಾಕ್ಕೆ. ಉಂಡು ನಾವು ಮಲಗಿದಾಗ ಅಂಗಳದಲ್ಲಿ ಕಬ್ಬಿಣದ ಸಪ್ಪಳ ಕೇಳಿಸಿತ್ತು. ಅಪ್ಪ ಲಾರಿಯದೇನೋ ರಿಪೇರಿ ನಡೆಸಿದ್ದಾರೆಂದು ಮಗ್ಗಲು ಬದಲಿಸಿದೆ. ಎದ್ದ ಮೇಲೆ ನಾನು ಬಗ್ಗಿ ನೋಡಲಿಲ್ಲ. ನನ್ನ ತವರುಮನೆಯ ಅಂಗಳದಲ್ಲಿ ನನ್ನ ಗಾಡಿಯನ್ನು ಬಗ್ಗಿ ನೋಡಬೇಕೆಂದು ನನಗೆ ಯಾಕೆ ಹೊಳೆಯಬೇಕು?

ನಾನು ಜೋರಾಗಿ ಓಡಿಸಿರಲಿಲ್ಲ. ಮಳೆ ಹತ್ತಿದ ಕೂಡಲೇ ನಿಧಾನ ಮಾಡಿದ್ದೆ. ಮಹಜಬೀನ್, ‘ಇಷ್ಟ ಸಾವಕಾಶ ಹೋದ್ರ ನಾಳಿಗಿ ಮುಟ್ಟತೀವಿ’ ಎಂದು ನಗಾಡುತ್ತಿದ್ದಳು. ಆ ತಿರುವಿನಲ್ಲಿ ಮುಂದಿನ ಗಾಲಿ ಹಿಡಿದುಕೊಂಡಿತು, ಹಿಂದಿನದು ನನ್ನನ್ನು ದಾಟಿ ಹೋಗಲು ನೋಡಿತು. ನಾನು ನಿಮಗೆ ಕಾಗದದಲ್ಲಿ ಬರೆದು ತಿಳಿಸಿದ್ದೆನಲ್ಲ, ಅದೇ. ರಸ್ತೆ ಬದಿಯ ದೊಡ್ಡ ಗಿಡಕ್ಕೆ ಬಡಿದದ್ದು ಅವಳ ಕಡೆ.

ಆಸ್ಪತ್ರೆಯಲ್ಲಿ ಚಾಚಾ ನನಗೆ, ‘ಬೇಟಾ, ಮಳಿ ಬರಾಕತ್ತಿತ್ತಲ್ಲ, ಯಾಕ ಅಷ್ಟು ಜೋರ ಹೊಡದಿ?’ ಎಂದು ಕೇಳಿದರು. ‘ಚಾಚಾ, ನಾ ಜೋರ ಹೊಡದಿಲ್ರಿ’ ಅಂದೆ. ಅವರು ನಿಮ್ಮ ಮುಖ ನೋಡಿದರು. ನೀವು ಗೋಡೆಯ ಕಡೆ ತಿರುಗಿದಿರಿ. ಆಗ ನನಗೆ ಅರ್ಥವಾಗಿರಲಿಲ್ಲ, ಮಗಳ ಸಂಕಟ ನೋಡಲಾಗದೆ ತಿರುಗಿದರೆಂದುಕೊಂಡೆ. ನಾಚಿಕೆಯಾಗಲಿಲ್ಲವೇ ಅಪ್ಪಾ?

ಮಹಜಬೀನಳ ಬಾಗಿಲಿಗೆ ಎರಡು ಸಲ ಹೋದೆ. ‘ಆಕಿ ಮಾರಿ ನೋಡೂದಿಲ್ಲಂತ’ ಎಂದು ಒಳಗಿನಿಂದ ಅವಳ ಅಮ್ಮಿ ಹೇಳಿದರು. ನಾನು ಮೆರೆಯಲು ಹೋಗಿ ಅವಳ ಕಾಲು ಕಳೆದೆನೆಂದು ಅವಳು ನಂಬಿದ್ದಾಳೆ. ಶಾಲೆಯ ಏಳನೇ ಇಯತ್ತೆಯಿಂದ ನನಗೆ ಇದ್ದವಳು ಅವಳೊಬ್ಬಳು. ಸ್ಕೂಲಿಗೆ ಕಲಿಯಲು ಬರುವವರು ನಿಂತಿದ್ದಾರೆ, ಅದು ಹೋದರೆ ಹೋಗಲಿ. ಅವಳು ಹೋಗಬಾರದು.

ನಿಮ್ಮಿಂದ ನನಗೆ ಬೇಕಾದದ್ದು ಒಂದೇ. ಹುಮನಾಬಾದಿಗೆ ಹೋಗಿ ಚಾಚಾನ ಮುಂದೆ, ಮಹಜಬೀನಳ ಮುಂದೆ, ಟಾಯರು ಬದಲಿಸಿದವನು ನಾನು, ಪೂನಂಗೆ ಗೊತ್ತಿರಲಿಲ್ಲ ಎಂದು ಹೇಳಿರಿ. ಅಷ್ಟೇ.

ಪೂನಂ


ಬಸವಕಲ್ಯಾಣ
೧೮ ನವೆಂಬರ್ ೧೯೯೯

ಪೂನಂ,

ಹೌದು, ನಾನೇ ಬದಲಿಸಿದೆ. ಕಳ್ಳನನ್ನು ಹಿಡಿದ ಹಾಗೆ ಬರೆಯುವುದೇನೂ ಬೇಡ. ನೀವಿಬ್ಬರೂ ಮಲಗಿದ್ದಿರಿ. ಮುಂದಿನ ಟಾಯರಿನ ಮೇಲೆ ಕೈಯಾಡಿಸಿ ನೋಡಿದೆ, ರೇಸಿನಲ್ಲಿ ಮತ್ತಷ್ಟು ಸವೆದಿದ್ದವು. ನನಗೆ ಅಲ್ಲಾಬಕ್ಷ ಕಣ್ಣಮುಂದೆ ಬಂದ. ನಾನೇ ಜಾಕ್ ಹಚ್ಚಿ, ನಾನೇ ಪಾನಾ ಹಿಡಿದು ಬಿಸಿಲಲ್ಲಿ ಕೂತು ನಾಲ್ಕೂ ಗಾಲಿ ಬಿಚ್ಚಿದೆ. ಸೊಂಟ ಹಿಡಿದು ಎರಡು ದಿನ ಏಳಲಾಗಲಿಲ್ಲ. ನಿನಗೆ ಹೇಳಲಿಲ್ಲ, ಯಾಕೆಂದರೆ ಹೇಳಿದರೆ ನೀನು ಕೇಳುತ್ತಿರಲಿಲ್ಲ. ಹೆತ್ತ ಅಪ್ಪ ಮಗಳಿಗೆ ಕೇಡು ಬಗೆಯುತ್ತಾನೆಯೇ?

ನನಗೆ ಗಾಡಿ ಕಲಿಸಲು ಬರಬೇಡ. ಮೂವತ್ತು ವರ್ಷ ಈ ರಸ್ತೆಯ ಮೇಲೆ ಅನ್ನ ಉಂಡಿದ್ದೇನೆ. ಟಾಯರು ಸರಿಯಾಗಿಯೇ ಇದ್ದವು. ಹಾಗಿದ್ದ ಮೇಲೆ ಗೋಡೆಯ ಕಡೆ ಯಾಕೆ ತಿರುಗಿದಿರಿ ಅನ್ನುತ್ತೀಯಾ? ಜಲಾಲುದ್ದೀನನ ಅಣ್ಣ ನನ್ನ ಲಾರಿಯಲ್ಲಿ ಸತ್ತ. ಈಗ ಜಲಾಲುದ್ದೀನನ ಮಗಳ ಕಾಲಿನ ಮಾತಿನಲ್ಲಿಯೂ ನನ್ನ ಕೈ ಇದೆಯೆಂದು ಯಾವ ಬಾಯಿಂದ ಹೇಳಲಿ? ಅವನು ನನ್ನ ಮುಖ ನೋಡುವುದು ಬಿಟ್ಟರೆ ಈ ವಯಸ್ಸಿನಲ್ಲಿ ನಾನು ಯಾರ ಅಂಗಡಿಯಲ್ಲಿ ಹೋಗಿ ಕೂರಲಿ? ನೀನು ಹುಡುಗಿ, ನಿನ್ನನ್ನು ಇಂದಲ್ಲ ನಾಳೆ ಕ್ಷಮಿಸುತ್ತಾರೆ.

ಈ ವಿಷಯ ಇನ್ನು ಬರೆಯಬೇಡ. ನಿಮ್ಮವ್ವನಿಗೆ ಏನೂ ಗೊತ್ತಿಲ್ಲ.

ಮಹಾರುದ್ರಪ್ಪ


ಹೈದರಾಬಾದ್
೧೪ ಡಿಸೆಂಬರ್ ೧೯೯೯

ಅಪ್ಪಾ,

ನೀವು ಕೇಡು ಬಗೆದಿರೆಂದು ನಾನು ಎಲ್ಲಿಯೂ ಬರೆದಿಲ್ಲ. ನನ್ನ ಮೇಲಿನ ಮಾಯೆ ಮಮತೆಯಿಂದಲೇ ಮಾಡಿದಿರಿ. ಅದು ನನಗೆ ಗೊತ್ತು, ಅದಕ್ಕೇ ಹೊಟ್ಟೆ ಉರಿಯುತ್ತದೆ. ಗಾಡಿ ನನ್ನದು, ಓಡಿಸುವವಳು ನಾನು. ಬೇಡವೆಂದು ತಿಳಿಸಿ ಬರೆದಿದ್ದೆ. ಆ ಕಾಗದವನ್ನು ಇಬ್ಬರು ಹಿರಿಯರು ಕೂತು ಓದಿ ನಕ್ಕಿರಿ, ನಾನು ಮಲಗಿದಾಗ ನಿಮಗೆ ಬೇಕಾದಂತೆ ಮಾಡಿದಿರಿ. ನಿಮ್ಮ ಮನೆಯಲ್ಲಿ ನನ್ನ ಮಾತಿಗೆ ಎಂದೂ ಬೆಲೆ ಇರಲಿಲ್ಲ, ಆದರೆ ಈ ಸಲ ಅದಕ್ಕೆ ಬೇರೆಯವಳ ಕಾಲು ಹೋಯಿತು.

ನಿಮಗೆ ಒಬ್ಬ ಗೆಳೆಯ ಹೋಗುವ ಭಯ. ನನಗೆ ಗೆಳತಿ ಆಗಲೇ ಹೋಗಿದ್ದಾಳೆ. ಅವಳಿಗೆ ಮೂರು ಕಾಗದ ಬರೆದೆ, ಒಡೆಯದೆ ಮರಳಿ ಬಂದವು. ನನ್ನ ಬಾಯಿಂದ ಏನು ಬಂದರೂ ಅದು ನೆವ ಅನ್ನಿಸುತ್ತದೆ. ನಿಮ್ಮ ಬಾಯಿಂದ ಬಂದರೆ ನಂಬುತ್ತಾಳೆ.

ರಮಜಾನ್ ನಡೆದಿದೆ. ಹಬ್ಬದ ದಿನ ನೀವು ಪ್ರತಿ ವರ್ಷ ಚಾಚಾನ ಮನೆಗೆ ಹೋಗುತ್ತೀರಿ, ಈ ವರ್ಷವೂ ಹೋಗಿರಿ. ಹೇಳಿದರೆ ನಾನು ಮಗಳು. ಹೇಳದಿದ್ದರೆ ಇನ್ನು ಮೇಲೆ ನನ್ನಿಂದ ಕಾಗದ ಬರುವುದಿಲ್ಲ.

ಪೂನಂ


ಬಸವಕಲ್ಯಾಣ
೧೨ ಜನವರಿ ೨೦೦೦

ಮಗಳೇ ಪೂನಂ,

ಹೇಳಿದೆ! ಎಲ್ಲಾ ಹೇಳಿಬಿಟ್ಟೆ. ನೀನು ಹಟ ಹಿಡಿದದ್ದು ಒಳ್ಳೆಯದೇ ಆಯಿತು ನೋಡು, ಎದೆಯ ಮೇಲಿನ ಕಲ್ಲು ಇಳಿಯಿತು.

ಹಬ್ಬದ ದಿನ ಹುಮನಾಬಾದಿಗೆ ಹೋದೆ. ಕೈಯಲ್ಲಿ ಹಾಲು ಶಾವಿಗೆಯ ಸುರಕುಂಬಾದ ಬಟ್ಟಲು ಕೊಟ್ಟರು. ಮಹಜಬೀನ್ ಮೂಲೆಯ ಪಲ್ಲಂಗದ ಮೇಲೆ ಕಾಲಿನ ಮೇಲೆ ಚಾದರ ಹೊದ್ದು ಕೂತಿದ್ದಳು. ನಾನು ಬಟ್ಟಲು ಕೆಳಗಿಟ್ಟು, ‘ಜಲಾಲುದ್ದೀನ, ಒಂದ ಮಾತ ಹೇಳೂದದ. ಅವತ್ತ ಪೂನಂಗ ಹೇಳಲಾರದ ನಾ ಕಾರಿನ ಟಾಯರ್ ಅದಲ ಬದಲ ಮಾಡಿದ್ದೆ. ಹಿಂದಿನ ಹೊಸವು ಮುಂದ ಹಾಕಿದ್ದೆ. ಆಕಿಗಿ ಏನೂ ಗೊತ್ತಿದ್ದಿಲ್ಲ’ ಅಂದೆ. ಹೊರಗೆ ಹೋಗೆಂದರೆ ಹೋಗಲು ಸಿದ್ಧನಿದ್ದೆ.

ಜಲಾಲುದ್ದೀನ ಎದ್ದು ಬಂದ. ಹೊಡೆಯುತ್ತಾನೆಂದುಕೊಂಡೆ, ಬಂದು ಅಪ್ಪಿಕೊಂಡ. ‘ಹೊಸವು ಮುಂದ ಇದ್ದೂವಾ? ಮತ್ತ ಇಷ್ಟ ದಿನ ಯಾಕ ಹೇಳಲಿಲ್ಲೋ? ಅದಕ್ಕ ನನ್ನ ಮಗಳು ಜೀವಂತ ಅದಾಳ! ಮುಂದ ಸವೆದವು ಇದ್ರ ನಮ್ಮ ಅಣ್ಣನ ಹಂಗ ಅಲ್ಲೇ ಮುಗೀತಿತ್ತು’ ಎಂದು ಅಳತೊಡಗಿದ. ಅವನ ಹೆಂಡತಿ ವಜೀರಬಿ ನನಗೆ ದುವಾ ಕೊಟ್ಟಳು. ಮಹಜಬೀನ್ ನನ್ನನ್ನು ಹತ್ತಿರ ಕರೆದು, ನನ್ನ ಕೈ ತನ್ನ ಕಣ್ಣಿಗೆ ಒತ್ತಿಕೊಂಡು, ‘ನೀವು ಇದ್ರಿ ಅಂತ ಉಳದೀನಿ ಚಾಚಾ’ ಅಂದಳು. ಆ ಹುಡುಗಿ ಮೂರು ತಿಂಗಳ ಮೇಲೆ ಮನಸ್ಸು ಬಿಚ್ಚಿ ಮಾತಾಡಿದ್ದು ಅವತ್ತೇ ಅಂತೆ.

ಪೂನಂ ಹೇಳುವುದು ಬೇರೆ, ಹಿಂದಿನವು ಜಾರಿದವು ಅನ್ನುತ್ತಾಳೆ ಎಂದೂ ಹೇಳಿದೆ, ನಿನ್ನ ಮಾತು ಮುಚ್ಚಿಡಲಿಲ್ಲ. ಜಲಾಲುದ್ದೀನ, ‘ಹೋಗಲಿ ಬಿಡು, ಸಣ್ಣಾಕಿ, ತನ್ನ ತಪ್ಪು ಒಪ್ಪಗೊಳ್ಳಾಕ ಸಂಕಟ ಆಗ್ತದ’ ಅಂದ. ಆಟೋನಗರದಲ್ಲಿಯೂ ಸುದ್ದಿ ಹಬ್ಬಿದೆ. ಎಲ್ಲರೂ, ಮಹಾರುದ್ರಪ್ಪ ಬುದ್ಧಿವಂತಿಕೆಯ ಕೆಲಸ ಮಾಡಿದ, ಇಲ್ಲದಿದ್ದರೆ ಎರಡು ಹೆಣ ಬೀಳುತ್ತಿದ್ದವು ಅನ್ನುತ್ತಾರೆ.

ನೀನು ಕೇಳಿದ್ದು ಮಾಡಿದೆ. ಇನ್ನು ನೀನೂ ನನ್ನ ಒಂದು ಮಾತು ನಡೆಸು. ಬಂದು ಮಹಜಬೀನಳ ಮುಂದೆ ಮಾಫಿ ಕೇಳು. ಜೋರಾಗಿ ಹೊಡೆದೆ, ತಪ್ಪಾಯಿತು ಅಂದರೆ ಬಾಗಿಲು ತೆರೆಯುತ್ತಾಳಂತೆ, ವಜೀರಬಿ ಹೇಳಿದಳು.

ಆಶೀರ್ವಾದಗಳೊಂದಿಗೆ,
ನಿನ್ನ ಅಪ್ಪ ಮಹಾರುದ್ರಪ್ಪ


ಹೈದರಾಬಾದ್
೨೫ ಜನವರಿ ೨೦೦೦

ಅಪ್ಪಾ,

ನೀವು ಹೇಳಿದಿರಿ. ನಾನು ಕೇಳಿದ್ದೂ ಅಷ್ಟನ್ನೇ. ಇನ್ನು ನನ್ನದೇನೂ ತಕರಾರಿಲ್ಲ. ನಿಜವನ್ನು ಒಮ್ಮೆ ಹೇಳಿಬಿಟ್ಟರೆ ಅದು ನನ್ನ ಕಡೆ ನಿಲ್ಲುತ್ತದೆಂದು ಹುಚ್ಚಿಯ ಹಾಗೆ ನಂಬಿದ್ದೆ.

ಎಂಟು ದಿನ ಯೋಚಿಸಿದೆ. ಮಹಜಬೀನಳಿಗೆ ಮತ್ತೆ ಬರೆಯಬೇಕು, ಚಿತ್ರ ತೆಗೆದು ತಿಳಿಸಬೇಕು, ಬಲ್ಲವರನ್ನು ಕರೆದುಕೊಂಡು ಹೋಗಿ ಅವರ ಬಾಯಿಂದ ಹೇಳಿಸಬೇಕು ಎಂದೆಲ್ಲ ಅಂದುಕೊಂಡೆ. ಹೇಳಿ ಏನು ಮಾಡಲಿ? ಯಾರೋ ಒಬ್ಬರು ತನ್ನ ಜೀವ ಉಳಿಸಿದರೆಂದು ಅವಳಿಗೆ ಒಂದು ಸಮಾಧಾನ ಸಿಕ್ಕಿದೆ, ಅದರಿಂದ ಬಾಯಿ ಬಿಟ್ಟಿದ್ದಾಳೆ. ಅದನ್ನೂ ಕಿತ್ತುಕೊಂಡರೆ ಅವಳ ಬಳಿ ಏನು ಉಳಿಯುತ್ತದೆ?

ಬರುವ ಶುಕ್ರವಾರ ಹುಮನಾಬಾದಿಗೆ ಹೋಗುತ್ತೇನೆ. ಜೋರಾಗಿ ಹೊಡೆದೆ, ತಪ್ಪು ನನ್ನದೇ ಎಂದು ಅವಳ ಎದುರು ಕೂತು ಹೇಳುತ್ತೇನೆ. ಬಾಗಿಲು ಆ ಸುಳ್ಳಿಗೇ ತೆರೆಯುವುದಾದರೆ ಅದಕ್ಕೇ ತೆರೆಯಲಿ, ನನಗೆ ಅವಳು ಬೇಕು. ಸ್ಕೂಲಿನ ಬೋರ್ಡು ನಿನ್ನೆ ಇಳಿಸಿದೆ. ತಪ್ಪು ಒಪ್ಪಿದವಳ ಹತ್ತಿರ ಯಾರು ಗಾಡಿ ಕಲಿಯಲು ಬರುತ್ತಾರೆ?

ನನ್ನ ಮಾಫಿ ನಿಮಗೂ ಸಿಗುತ್ತಿತ್ತು ಅಪ್ಪಾ, ನೀವು ತಪ್ಪಾಯಿತು ಎಂದು ಒಮ್ಮೆ ಬರೆದಿದ್ದರೆ. ಈಗ ಊರೇ ನಿಮ್ಮನ್ನು ಹೊಗಳುತ್ತಿದೆ, ಮಗಳ ಮಾಫಿ ನಿಮಗೆ ಯಾತಕ್ಕೆ ಬೇಕು?

ಸಂಜೆ ಹುಮನಾಬಾದಿನಿಂದಲೇ ಹೈದರಾಬಾದಿನ ಬಸ್ಸು ಹಿಡಿಯುತ್ತೇನೆ. ಕಲ್ಯಾಣದವರೆಗೆ ಬರುವುದಿಲ್ಲ. ಅವ್ವ ಅಡಿಗೆ ಮಾಡಿಟ್ಟು ದಾರಿ ಕಾಯುತ್ತಾಳೆ, ಅವಳಿಗೆ ನಾನು ಬಂದ ಸುದ್ದಿ ಹೇಳಬೇಡಿರಿ. ಹೇಳದೆ ಇರುವುದು ನಿಮಗೆ ಬರುತ್ತದೆ.

ಪೂನಂ